ಒದ್ದೆ ಬಟ್ಟೆಯೂ ಬ್ರಾಹ್ಮಿ ಲಿಪಿಯೂ

ಕೆಲವರ ಕೈ ತಲೆಗಿಂತ ಮೊದಲು ಓಡುತ್ತದೆ. ನನ್ನ ಕೈಯಂತೂ ತಲೆಯನ್ನು ಕೇಳುವ ಸಂಪ್ರದಾಯವನ್ನೇ ಇಟ್ಟುಕೊಂಡಿಲ್ಲ. ಅಂಧೇರಿಯ ನನ್ನ ಪುಟ್ಟ ಹೋಟೆಲಿನ ಷಟರ್ ಎತ್ತಿದ ಕೂಡಲೇ ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸಿ 'ಇಂದಿನ ವಿಶೇಷ' ಬರೆಯುವುದು ಅದರ ಬೆಳಗಿನ ಪೂಜೆ.

ಅಕ್ಕ ಸಂಸ್ಕೃತದ ನಿವೃತ್ತ ಟೀಚರು. ನಾನು ಏಳನೇ ಕ್ಲಾಸಿಗೇ ಶಾಲೆಗೆ ಮಂಗಳ ಹಾಡಿದವ. ಸಯನ್ನಿನ ಕನ್ನಡ ಸಂಘವೊಂದರಲ್ಲಿ ಅವಳ ಮೊಟ್ಟಮೊದಲ ಉಪನ್ಯಾಸ ನಿಗದಿಯಾಗಿತ್ತು. ವಿಷಯ 'ಪಚ್' ಎಂಬ ಧಾತು, ಅಂದರೆ ಬೇಯಿಸು. "ಪಾಕ, ಪಕ್ವ ಎಲ್ಲ ಇದರದ್ದೇ ಮಕ್ಕಳು. ಇಂಗ್ಲಿಷಿನ ಕುಕ್ ಕೂಡ ದೂರದ ದಾಯಾದಿ," ಎಂದಳು. "ಬೇಯಿಸುವುದಕ್ಕೂ ಮೂಲ ಹುಡುಕುವುದಾ ಅಕ್ಕ? ನಮಗಿಲ್ಲಿ ಸಿಲಿಂಡರ್ ಹುಡುಕಿಯೇ ಸಾಕಾಗಿದೆ," ಎಂದೆ. ಹೋಟೆಲಿಗೆ ರಜೆಯಿದ್ದ ಸೋಮವಾರ ಇಡೀ ದಿನ ಅಕ್ಕ ನನ್ನ ಹಲಗೆಯ ಮುಂದೆ ಕೂತು, ಮರುದಿನ ಸಭೆಗೆ ತೋರಿಸಲೆಂದು ಬ್ರಾಹ್ಮಿಯಿಂದ ಇಂದಿನ ಕನ್ನಡದವರೆಗೆ ಆ ಎರಡು ಅಕ್ಷರಗಳು ರೂಪ ಬದಲಿಸಿದ ಬಗೆಯನ್ನು ಸಾಲುಸಾಲಾಗಿ ಬರೆದಳು. ಗಾಳದಂಥ ಪ, ಸೌಟಿನಂಥ ಚ.

ಮರುದಿನ ಬೆಳಿಗ್ಗೆ 'ಗೋಳಿಬಜೆ' ಎಂದು ಬರೆದು ಮುಗಿಸಿದ ಮೇಲೆ ನೆನಪಾಯಿತು, ಒರೆಸಿದ್ದು ಅಕ್ಕನ ಅಕ್ಷರಗಳನ್ನು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ನೋಡಿದೆ. ಬಿಳಿ ನೀರು ಬಿತ್ತು; ಬ್ರಾಹ್ಮಿ ಬೀಳಲಿಲ್ಲ.

ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಮ್ಮೆ ಆ ಬಟ್ಟೆ ಮುಟ್ಟುವ ಧೈರ್ಯವೂ ಆಗದೆ, ಹಲಗೆಯನ್ನು ಇದ್ದ ಹಾಗೆಯೇ ಟೇಬಲ್ ಕ್ಲಾತಿನಲ್ಲಿ ಸುತ್ತಿ, ಸಂಜೆ ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. "ಅಲ್ಲಾಡಿಸ್ಬೇಡ ಮಾರಾಯಾ, ಬ್ರಾಹ್ಮಿ ಅಳಿಸಿ ಹೋದೀತು," ಎಂದು ದಾರಿಯುದ್ದಕ್ಕೂ ಅಕ್ಕ. "ಆಯ್ತಕ್ಕ" ಎಂದು ಹಲಗೆಯನ್ನು ಇನ್ನಷ್ಟು ಜೋಪಾನವಾಗಿ ಹಿಡಿದೆ.

ವೇದಿಕೆಯಲ್ಲಿ ಅವಳೇ ಬಟ್ಟೆ ಸರಿಸಿದಳು. 'ಇಂದಿನ ವಿಶೇಷ: ಗೋಳಿಬಜೆ.' ಸಭೆ ಗೊಳ್ಳೆಂದಿತು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. "ಎಂಥದಿದು ಸದಾ?" ಎಂದಳು, ಮೈಕಿನಲ್ಲೇ. ನಾನು ಕಿಸೆಯಿಂದ ಚಾಕ್ ತೆಗೆದು ಕೊಟ್ಟೆ. ಗೋಳಿಬಜೆಯ ಕೆಳಗೇ ಎರಡು ಸಾಲು ಬರೆದಳು. ನಡುವಿನ ಶತಮಾನಗಳು ನೆನಪಿಗೆ ಬರಲಿಲ್ಲ. ಬ್ರಾಹ್ಮಿಯಿಂದ ನೇರವಾಗಿ ನಮ್ಮ ಕನ್ನಡಕ್ಕೆ ಹಾರಿದ ಉಪನ್ಯಾಸ ಅರ್ಧ ಹೊತ್ತಿನಲ್ಲೇ ಮುಗಿಯಿತು.

ಚಹಾದ ಹೊತ್ತಿಗೆ ಅವಳ ಹತ್ತಿರ ಹೋಗಿ "ಅಕ್ಕ..." ಎಂದೆ. ಕ್ಷಮೆ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಹಿರಿಯರೊಬ್ಬರು ನನ್ನ ತೋಳು ಹಿಡಿದು, "ಏನ್ರೀ, ಆ ಗೋಳಿಬಜೆ ಎಷ್ಟೊತ್ತಿನ ತನಕ ಸಿಗ್ತದೆ?" ಎಂದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ರಾತ್ರಿ ಹತ್ತರ ತನಕ ಸರ್," ಎಂದಿತು ನನ್ನ ಬಾಯಿ. "ಚಟ್ನಿ ಬೇಕಾದಷ್ಟು."