ಅನುಭವ ಪತ್ರದ ನಾಲ್ಕನೇ ಸಾಲು

ಫ್ರಿಜ್ ರಿಪೇರಿಯವನಿಗೆ ನಾಳೆ ನಲವತ್ತು ತುಂಬುತ್ತದೆ. ಅವನು ಹೋಗಬೇಕೆಂದಿದ್ದ ದೇಶದವರ ಕಣ್ಣಿಗೆ ನಲವತ್ತು ತುಂಬಿದವನೆಂದರೆ ತಾರೀಖು ಮೀರಿದ ಹಾಲಿನ ಪ್ಯಾಕೆಟ್ಟು. ವಯಸ್ಸಿಗೆ ಸಿಗುವ ವೀಸಾದ ಅಂಕಗಳಲ್ಲಿ ಹತ್ತು ಕಡಿಮೆಯಾದರೆ ಅವನ ಕತೆ ಮುಗಿಯಿತು. ಉಳಿದ ಕಾಗದವೆಲ್ಲ ಸಿದ್ಧವಿತ್ತು. ಬೇಕಾದದ್ದು ಒಂದೇ: ಅವನು ಅಂಗಡಿಯಲ್ಲಿ ಏನೇನು ಮಾಡುತ್ತಾನೆಂದು ಮಾಲೀಕರು ಕೊಡುವ ಅನುಭವ ಪತ್ರ. ಅರ್ಜಿ ಸಂಜೆ ಐದರೊಳಗೆ ಹೋಗಬೇಕು.

“ನೀನೇ ಬರ್ಕೊಂಡು ಬಾರಯ್ಯ, ಸಹಿ ಹಾಕ್ತೀನಿ. ಸುಳ್ಳು ಮಾತ್ರ ಇರಬಾರ್ದು” ಎಂದರು ಮಾಲೀಕರು. ಸುಳ್ಳೆಂದರೆ ಅವರಿಗೆ ಮೈಯೆಲ್ಲ ತುರಿಕೆ.

‘ಫ್ರಿಜ್, ಏಸಿ ರಿಪೇರಿ ಮಾಡುತ್ತಾನೆ’ ಎಂದು ಒಂದೇ ಸಾಲು ಬರೆದು ಫೋನಕ್ಕನ ಮುಂದಿಟ್ಟ. ಅಂಗಡಿಗೆ ಬರುವ ಫೋನೆಲ್ಲ ಎತ್ತುವವಳು, ಟೈಪ್ ಮಾಡುವವಳು ಅವಳೇ.

“ಇಷ್ಟೇನಾ? ಇದನ್ನ ನೋಡಿ ಬಸ್ ಪಾಸೂ ಕೊಡಲ್ಲ ಕಣೋ.”

“ಮಾಡೋದೇ ಅಷ್ಟಲ್ವಾ ಅಕ್ಕ?”

ಅಷ್ಟರಲ್ಲಿ ಸ್ಟೋರಿನ ಮಾಮ ಇಣುಕಿದ. “ಬಿಡಿಭಾಗಗಳ ಪೂರ್ತಿ ಹೊಣೆ ಇವನದೇ ಅಂತ ಹಾಕಮ್ಮ, ತೂಕ ಬರುತ್ತೆ.” ಅದು ನಿಜಕ್ಕೂ ಮಾಮನದೇ ಕೆಲಸ. ಸೂಪರ್‌ವೈಸರ್ ಅಣ್ಣನೂ ಬಿಡಲಿಲ್ಲ. “ಕೆಲಸಗಾರರ ಮೇಲ್ವಿಚಾರಣೆ ಅಂತನೂ ಸೇರಿಸು. ಅಲ್ಲಿಗೆ ಹೋದ್ಮೇಲೆ ನಮ್ಮನ್ನೂ ಕರೆಸ್ಕೊಳಪ್ಪ.” ಫೋನಕ್ಕ ಕೊನೆಗೆ ತನ್ನದನ್ನೂ ಸೇರಿಸಿದಳು: ‘ಗಿರಾಕಿಗಳ ಫೋನ್ ಕರೆ ಸ್ವೀಕರಿಸಿ ಸಮಾಧಾನಪಡಿಸುತ್ತಾನೆ.’ ಪತ್ರ ಈಗ ಮದುವೆಗೆ ಹೊರಟ ಗಂಡಿನ ಹಾಗೆ ಕಾಣುತ್ತಿತ್ತು. ಓದಿದವನಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಮಾಲೀಕರು ಕನ್ನಡಕ ಏರಿಸಿ ಎರಡು ಸಲ ಓದಿದರು. ಮೂವರನ್ನೂ ಕರೆಸಿದರು.

“ಇದೆಲ್ಲ ಇವನೇ ಮಾಡ್ತಾನಾ?”

“ಹೂಂ ಸಾರ್, ಇವನೇ.” ಮೂರು ತಲೆ ಒಟ್ಟಿಗೆ ಆಡಿದವು.

“ದೇವರಾಣೆ?”

ಮೂವರೂ ಆಣೆ ಇಟ್ಟರು. ಮಾಲೀಕರು ಸಹಿ ಹಾಕಿ, ಒಂದು ಜೆರಾಕ್ಸ್ ತಮಗೆಂದು ಇಟ್ಟುಕೊಂಡರು.

ಪತ್ರವನ್ನು ವೀಸಾ ಏಜೆಂಟನಿಗೆ ತಲುಪಿಸಿ ಊರಾಚೆ ರಿಪೇರಿಗೆ ಹೋಗಿದ್ದವನಿಗೆ ಮೂರು ಗಂಟೆಗೆ ಆ ಏಜೆಂಟಿನ ಫೋನು. “ಏನ್ರೀ ಇದು? ಈ ಪತ್ರದ ಪ್ರಕಾರ ನೀವು ಮ್ಯಾನೇಜರ್ರು. ಅವರಿಗೆ ಬೇಕಾಗಿರೋದು ಮೆಕ್ಯಾನಿಕ್ಕು. ಮ್ಯಾನೇಜರ್ ಅವರ ಪಟ್ಟೀಲೇ ಇಲ್ಲ.”

“ಅಯ್ಯೋ, ನಾನು ಬರೀ ಮೆಕ್ಯಾನಿಕ್ಕೇ ಸ್ವಾಮಿ.”

“ಹಾಗಂತ ಬರೆಸ್ಕೊಂಡು ಬನ್ನಿ. ಐದರೊಳಗೆ.”

ಎರಡು ಬಸ್ಸು ತಪ್ಪಿಸಿಕೊಂಡು, ಮೂರನೆಯದರ ಬಾಗಿಲಿಗೆ ಜೋತುಬಿದ್ದು ಅಂಗಡಿ ಮುಟ್ಟುವಾಗ ನಾಲ್ಕೂವರೆ. ಒಳಗೆ ಮಾಲೀಕರೊಬ್ಬರೇ ಇದ್ದರು.

“ಸಾರ್, ಬೆಳಿಗ್ಗೆ ಬರೆದಿದ್ದು ಸುಳ್ಳು. ನಾನು ರಿಪೇರಿ ಬಿಟ್ಟು ಬೇರೇನೂ ಮಾಡಲ್ಲ. ಅಷ್ಟು ಬರ್ಕೊಡಿ ಸಾಕು.”

“ಬೆಳಿಗ್ಗೆ ಒಂದಕ್ಕೆ, ಸಂಜೆ ಇನ್ನೊಂದಕ್ಕೆ ಸಹಿ ಹಾಕೋಕೆ ನಾನೇನು ಸುಳ್ಳುಗಾರನಾ?” ಮಾಲೀಕರ ದನಿ ತಣ್ಣಗಿತ್ತು. “ನನ್ನ ಸಹಿ ಬಿದ್ಮೇಲೆ ಅದು ನಿಜ ಆಗ್ಲೇಬೇಕು. ಅದಕ್ಕೇ ಆ ಮೂವರಿಗೂ ನಾಳೆಯಿಂದ ಬರಬೇಡಿ ಅಂದೆ. ಎಲ್ಲಾ ನೀನೇ ಮಾಡ್ತೀಯಂತೆ, ಆಣೆ ಬೇರೆ ಇಟ್ಟಿದ್ದಾರೆ. ಮತ್ತೆ ಅವರು ಯಾಕೆ?”

ಗೋಡೆ ಗಡಿಯಾರ ಐದು ಹೊಡೆಯುವವರೆಗೂ ಅವನು ಗೋಗರೆದ. ಆಮೇಲೆ ಗೋಗರೆಯಲು ಏನೂ ಉಳಿಯಲಿಲ್ಲ.

ಮೇಜಿನ ಮೇಲಿನ ಫೋನು ಕಿರುಚತೊಡಗಿತು. ಮಾಲೀಕರು ಜೆರಾಕ್ಸಿನ ಮೇಲೆ ಬೆರಳಾಡಿಸಿ, ಅವನತ್ತ ನೋಡಿದರು.

“ನಾಲ್ಕನೇ ಸಾಲು” ಎಂದರು.