ಚೀಸ್ ಆಲೂಗಡ್ಡೆಯ ಎಡೆ

ನನಗೆ ಸಿಟ್ಟು ಬಂದಾಗಲೇ ಜನಕ್ಕೆ ನಗು ಬರುತ್ತೆ. ಹೆಂಡತಿ ತೀರಿಹೋಗಿ ನಾಲ್ಕು ತಿಂಗಳು. ಸಿಟ್ಟು ಇಳಿದಿಲ್ಲ. ಹಂಗಾಗಿ ನಮ್ಮ ಬೀದೀಲಿ ನಗೋರಿಗೆ ಬಿಡುವಿಲ್ಲ.

ಮಗಳು ಅಳಿಯ ನನ್ನ ಜೊತೆಗೇ ಇದ್ದಾರೆ, ಚನ್ನರಾಯಪಟ್ಟಣದಲ್ಲಿ. ಬೆಳಗ್ಗೆ ಹಾಸನದ ಬಸ್ಸು ಹತ್ತಿ ಕೆಲಸಕ್ಕೆ ಹೋಗ್ತಾರೆ. ಎರಡು ವರ್ಷದ ಅವಳಿ ಮೊಮ್ಮಕ್ಕಳು ನನ್ನ ಪಾಲಿಗೆ. ಅಜ್ಜಿ ಕೈಯಲ್ಲಿ ಉಣ್ಣುತ್ತಿದ್ದವು. ನನ್ನ ಕೈ ಕಂಡರೆ ಬಾಯಿ ಮುಚ್ಚುತ್ತವೆ. ಅಳಿಯನ ತಾಯಿ ಮಲ್ಲಿಪಟ್ಟಣದಿಂದ ಫೋನ್ ಮಾಡಿ, ಮಕ್ಕಳು ಸೊರಗಿವೆ, ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಅಂದರು. ಅವೂ ಹೋದರೆ ಹಗಲೆಲ್ಲ ಮನೇಲಿ ನಾನು, ಗೋಡೆಗೆ ಒರಗಿಸಿದ ಅವಳ ಫೋಟೊ. ಅಷ್ಟೇ.

ಮಗಳು ಮೊಬೈಲು ನೋಡಿ ಹೇಳಿಕೊಟ್ಟಳು. ಬೇಯಿಸಿದ ಆಲೂಗಡ್ಡೆ ಹಿಸುಕಿ, ಹಾಲು ಹಾಕಿ, ಮೇಲೆ ಚೀಸ್ ಕರಗಿಸಬೇಕು. ಯಾವ ಮಗುವೂ ಬೇಡ ಅನ್ನಲ್ಲವಂತೆ.

೧. ವಾಸನೆ

ಚೀಸ್ ತಂದೆ. ಬಿಚ್ಚಿದೆ. ಮೂಸಿದೆ. ಹುಳಿ ಮಜ್ಜಿಗೆ ಚೆಲ್ಲಿದ ಬಟ್ಟೆ ವಾಸನೆ. ಎಳೆ ಮಕ್ಕಳಿಗೆ ಕೆಟ್ಟದ್ದು ಕೊಟ್ಟನಲ್ಲ ಅಂತ, ಒಂದನ್ನ ಸೊಂಟದ ಮೇಲೆ, ಇನ್ನೊಂದನ್ನ ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋದೆ. ಬಾಯಿಗೆ ಬಂದಂಗೆ ಬೈದೆ. ಅಂಗಡಿಯವನು ಇನ್ನೊಂದು ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದ. ಅದೂ ಕೆಟ್ಟಿತ್ತು. ಮೂರನೇದೂ ಕೆಟ್ಟಿತ್ತು. ನಿನ್ನ ಅಂಗಡೀನೇ ಮುಚ್ಚಿಸ್ತೀನಿ ಅಂದೆ.

"ಅದಿರೋದೇ ಅಂಗೆ ಯಜಮಾನ್ರೇ," ಅಂದ. "ಅಂಗಡಿ ಬುಡಿ, ನಿಮ್ ಮೂಗು ಮುಚ್ಕಳಿ."

೨. ಕೋಲು

ಒಲೆ ಮೇಲೆ ಗಟ್ಟಿಯಾಗೋದು ಏನೇ ಇರಲಿ, ಮುದ್ದೆ ಕೋಲಲ್ಲಿ ತಿರುವೋದು ಅಂತ ನನ್ನ ಲೆಕ್ಕ. ಹೆಂಡತಿಯ ಕೋಲು ತಗೊಂಡು ಶಕ್ತಿಯೆಲ್ಲ ಹಾಕಿ ತಿರುವಿದೆ. ಚೀಸ್ ಜಗ್ಗಿತು. ನಾನೂ ಜಗ್ಗಿದೆ. ಆರಿದ ಮೇಲೆ ಕೋಲು ನೆಟ್ಟಗೆ ನಿಂತುಬಿಡ್ತು. ಎತ್ತಿದರೆ ಪಾತ್ರೆನೂ ಬಂತು. ಆದದ್ದಾಗಲಿ ಅಂತ ಕಿತ್ತು ಕಿತ್ತು ಉಂಡೆ ಕಟ್ಟಿಕೊಟ್ಟೆ. ಮಕ್ಕಳು ಗೋಡೆಗೆ ಎಸೆದವು.

ಸಂಜೆ ಮಗಳು ಬಂದು, "ಅಪ್ಪ, ಗಡಿಯಾರದ ಪಕ್ಕ ಅದೇನು ಅಂಟಿರೋದು?" ಅಂದಳು.

"ನಿನ್ ಮಕ್ಕಳ ಊಟ ಕಣವ್ವ. ಇನ್ನೂ ಇಳಿದಿಲ್ಲ."

೩. ಎಡೆ

ಭಾನುವಾರ. ಬೀಗಿತ್ತಿಯನ್ನ ಕರೆತರೋಕೆ ಮಗಳು ಅಳಿಯ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ಈ ಸಲ ಕೋಲು ಮುಟ್ಟಲಿಲ್ಲ. ಚೀಸ್ ತಾನಾಗೇ ಕರಗಿತು. ಆರಿಸಿ ಮಕ್ಕಳ ಬಾಯಿಗಿಟ್ಟೆ. ಎರಡೂ ಉಗಿದು ಓಡಿದವು.

ಸಿಟ್ಟು ನೆತ್ತಿಗೇರಿತು. ತಟ್ಟೆಯನ್ನ ಅವಳ ಫೋಟೊ ಮುಂದೆ ನೆಲದ ಮೇಲೆ ಕುಕ್ಕಿದೆ. "ಬುಟ್ಟು ಹೋದೋಳು ನೀನು. ನೀನೇ ತಿನ್ನು," ಅಂದೆ. ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲೋದು ನಮ್ಮ ಪದ್ಧತಿ, ಹೋದೋರು ಬಂದು ಉಣ್ಣಲಿ ಅಂತ. ಸಿಟ್ಟಲ್ಲೂ ಕೈ ತಾನೇ ಬಾಗಿಲು ಎಳೀತು. ಹೊರಗೆ ನಿಂತು ಒಂದಿಷ್ಟು ಅತ್ತೆ.

ಅಷ್ಟರಲ್ಲಿ ಬೀಗಿತ್ತಿ ಬಂದರು. ಕಣ್ಣೊರೆಸಿಕೊಂಡು ಬಾಗಿಲು ತೆಗೆದೆ. ತಟ್ಟೆ ಖಾಲಿ. ತೊಳೆದಿಟ್ಟಂಗೆ ಹೊಳೀತಿತ್ತು. ತಟ್ಟೆ ತುಂಬ ಎಡೆ ಇಟ್ಟಿದ್ದೆನಲ್ಲ ಅಂದೆ. ಬೀಗಿತ್ತಿ ಫೋಟೊಗೆ ಕೈ ಮುಗಿದು ನಿಂತುಬಿಟ್ಟರು. ಆಗ ಮಂಚದ ಕೆಳಗೆ ಯಾರೋ ತೇಗಿದರು. ಬಗ್ಗಿ ನೋಡಿದರೆ ಎರಡು ಮುಖ. ಕಿವಿವರೆಗೂ ಚೀಸು.

"ಉಣ್ತವಲ್ಲ ಬೀಗ್ರೇ. ಇಲ್ಲೇ ಇರ್ಲಿ ಬುಡಿ," ಅಂದರು ಬೀಗಿತ್ತಿ.

ಹೆಂಡತಿ ಬದುಕಿದ್ದಾಗ ಒಂದು ಲೋಟ ಕಾಫಿ ಕಾಸಿಕೊಟ್ಟೋನಲ್ಲ ನಾನು. ಈಗ ದಿನಾ ಮಧ್ಯಾಹ್ನ ಎಡೆ ಇಡ್ತೀನಿ, ಬಾಗಿಲು ಎಳ್ಕೊಂಡು ಹೊರಗೆ ನಿಲ್ತೀನಿ. ಪಕ್ಕದ ಮನೆಯಾಕೆ ದಿನಾ ನಕ್ಕೊಂಡು ಕೇಳ್ತಾಳೆ, ಅಕ್ಕ ಉಂಡ್ರಾ ಅಂತ.

"ಉಂಡ್ಲು," ಅಂತೀನಿ. "ಇವತ್ತು ಎರಡು ಸಲ ಬಡಿಸ್ಕೊಂಡ್ಲು."