ಲಾಲಸಾಬ ಬರೆದ ಹುಲಿಗಳು

ಹೆಂಡತಿ ಶಿವಕಾಂತಾ ಸೊಲ್ಲಾಪುರದ ಅಕ್ಕನ ಮನೆಯಲ್ಲಿ ಇನ್ನೊಂದು ವಾರ ಉಳಿದಿದ್ದರೆ ಕಲ್ಯಾಣಪ್ಪನಿಗೆ ಆ ಗತಿ ಬರುತ್ತಿರಲಿಲ್ಲ. ಆದರೆ ಅವಳು ಬಂದಳು. ಕೈಯಲ್ಲಿದ್ದ ಚೀಲ ಕೆಳಗಿಡುವ ಮೊದಲೇ ಅಕ್ಕನ ಮಗನ ಹುಟ್ಟುಹಬ್ಬದ ವರ್ಣನೆ ಶುರು ಮಾಡಿದಳು. ಕೇಕು ಇತ್ತಂತೆ, ಬಲೂನು ಇತ್ತಂತೆ. ಅದೆಲ್ಲ ಹೋಗಲಿ, ಹುಡುಗರ ಮುಖದ ಮೇಲೆ ಚಿತ್ರ ಬರೆಯಲಿಕ್ಕೆಂದೇ ಮುಂಬಯಿಯಿಂದ ಒಬ್ಬ ಮನುಷ್ಯನನ್ನು ಕರೆಸಿದ್ದರಂತೆ.

"ಒಂದ್ ಹುಡುಗಿ ಮಾರಿ ಮ್ಯಾಲ ಪಾತರಗಿತ್ತಿ, ಒಂದ್ ಹುಡುಗನ ಮಾರಿ ಮ್ಯಾಲ ಮೊಲ. ಏನ್ ಚಂದ ಅಂತೀರಿ! ನಮ್ಮ ರೇವಣ್ಯಾನ ಹುಟ್ಟಿದಹಬ್ಬಕ್ಕೂ ಅಂಥವ್ರನ್ನ ಕರಸ್ರಿ."

"ಅಫಜಲಪುರದಾಗ ಗ್ವಾಡಿಗಿ ಸುಣ್ಣ ಹಚ್ಚಾವ್ರೇ ಲಗೂನ ಸಿಗಂಗಿಲ್ಲ. ಮಾರಿಗಿ ಬಣ್ಣ ಹಚ್ಚಾವ್ರನ್ನ ಎಲ್ಲಿಂದ ತರ್ಲಿ?" ಎಂದು ಕಲ್ಯಾಣಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬಚ್ಚಲಿನಲ್ಲಿ ತಲೆಗೆ ತಣ್ಣೀರು ಬಿದ್ದ ಕೂಡಲೇ ಅವನಿಗೊಂದು ವಿಚಾರ ಹೊಳೆಯಿತು.

ಕಲ್ಯಾಣಪ್ಪ ಕಚೇರಿಯಲ್ಲಿ ಗುಮಾಸ್ತ. ಹೊಸ ಸಾಹೇಬರು ದೌಲತರಾಯರು ಬಂದ ಮೇಲೆ ಅವನನ್ನು ಜೇವರ್ಗಿಗೆ ವರ್ಗ ಮಾಡುವ ಕಾಗದ ತಯಾರಾಗಿತ್ತು. ಸಾಹೇಬರ ಸಹಿಯೊಂದು ಬಾಕಿ. ಅಫಜಲಪುರದಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಬಿಟ್ಟು ಜೇವರ್ಗಿಯಲ್ಲಿ ಬಾಡಿಗೆ ಖೋಲಿ ಹುಡುಕುವುದು ಅವನಿಗೆ ಸುತರಾಂ ಬೇಡವಾಗಿತ್ತು. ದೌಲತರಾಯರು ಯಾರ ಮನೆಯಲ್ಲೂ ಒಂದು ಗುಟುಕು ಚಹಾ ಕುಡಿದವರಲ್ಲ. ಆದರೆ ಅವರಿಗೆ ಪಿಂಟೂ ಎಂಬ ಒಬ್ಬನೇ ಮಗನಿದ್ದ. ರೇವಣ್ಯಾನ ಸಾಲಿಯಲ್ಲೇ ಓದುತ್ತಿದ್ದ. ಹುಡುಗ ಬಂದು ನಕ್ಕುನಲಿದು ಹೋದರೆ ತಂದೆಯ ಮನಸ್ಸು ಕರಗದೆ ಇರುತ್ತದೆಯೆ?

ಹೊರಗೆ ಬಂದವನು, "ಆತು, ಕರಸೂಣು" ಎಂದ. ಶಿವಕಾಂತಾಳೇ ಬೆಚ್ಚಿಬಿದ್ದಳು.

ಬಣ್ಣ ಬರೆಯುವವನನ್ನು ಹುಡುಕಿ ಕೊಟ್ಟವಳು ಪಕ್ಕದ ಮನೆಯ ಗುರುಬಾಯಿ. ಆ ಓಣಿಯಲ್ಲಿ ಯಾರ ಮನೆಯ ಮಾತೇ ಇರಲಿ, ಗೋಡೆಯ ಮೇಲಿಂದ ಅವಳ ತಲೆ ಸೂರ್ಯ ಮೂಡಿದ ಹಾಗೆ ಮೂಡುತ್ತಿತ್ತು.

"ಅದಕ್ಯಾಕ ಮುಂಬಯಿ, ಶಿವಕಾಂತಾ? ನಮ್ಮ ಲಾಲಸಾಬ ಇಲ್ಲೇನ ಬೇ? ಮೊಹರಮ್ಮಿಗಿ ಹುಲಿ ವೇಷ ಬರಿಯಾವ. ಅಂವ ಬರದ ಹುಲಿ ನೋಡಿ ಖರೇ ನಾಯಿ ಉಚ್ಚಿ ಹೊಯ್ಕೊಂಡಾವ!"

ಲಾಲಸಾಬ ಹೆಚ್ಚು ಮಾತಾಡುವ ಮನುಷ್ಯನಲ್ಲ. ಅಂಗಡಿಗಳ ಬೋರ್ಡು, ಎತ್ತಿನ ಕೋಡು, ಲಾರಿಯ ಹಿಂಬದಿ ಇವೇ ಅವನ ಕಸುಬು. ಕಲ್ಯಾಣಪ್ಪ ಪಾತರಗಿತ್ತಿ, ಮೊಲ, ಬೆಕ್ಕು ಎಂದು ವಿವರವಾಗಿ ಹೇಳುವಾಗ ಎಲ್ಲಕ್ಕೂ "ಹೌದ್ರಿ ಅಣ್ಣಾ, ಹೌದ್ರಿ" ಎಂದು ತಲೆ ಅಲ್ಲಾಡಿಸಿದ.

ಹುಟ್ಟುಹಬ್ಬದ ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟ ಹುಡುಗರು ಅದೇ ಖಾಕಿ ಚಡ್ಡಿಯಲ್ಲಿ ಸೀದಾ ಕಲ್ಯಾಣಪ್ಪನ ಮನೆಗೆ ಬಂದರು. ಅವರ ನಡುವೆ, ಕೈಯಲ್ಲಿ ಬಣ್ಣದ ಕಾಗದದ ಪೊಟ್ಟಣ ಹಿಡಿದ ಪಿಂಟೂನೂ ಇದ್ದ. ಅವನನ್ನು ಕಂಡು ಕಲ್ಯಾಣಪ್ಪನಿಗೆ ಜೇವರ್ಗಿಯ ಕಾಗದವೇ ಹರಿದು ಬಿದ್ದಷ್ಟು ಸಂತೋಷವಾಯಿತು. ಹುಡುಗರನ್ನು ಲಾಲಸಾಬನಿಗೆ ಒಪ್ಪಿಸಿ, ಸೋಡಾ, ಪೇಢೆ, ಖಾರ ತರಲು ಅವನು ಸೈಕಲ್ಲೇರಿ ಬಜಾರಕ್ಕೆ ಹೋದ. ಸೋಡಾ ಅಂಗಡಿಯಲ್ಲಿ ಗದ್ದಲ, ತಡವಾಯಿತು. ತಿರುಗಿ ಬಂದು ಬಾಗಿಲು ದೂಡಿದವನು ಹಾಗೆಯೇ ನಿಂತುಬಿಟ್ಟ.

ಅಂಗಳದ ತುಂಬ ಹುಲಿಗಳು.

ಒಂದೇ ಎತ್ತರದ, ಒಂದೇ ಬಣ್ಣದ, ಒಂದೇ ಪಟ್ಟಿಯ ಹುಲಿಗಳು. ನೆತ್ತಿಯಿಂದ ಕಾಲಿನ ಬೆರಳಿನವರೆಗೆ ಹಳದಿ; ಮೇಲೆ ಕಪ್ಪು ಬರೆ. ಮೈಮೇಲೆ ಖಾಕಿ ಚಡ್ಡಿ ಬಿಟ್ಟರೆ ಚೂರು ಬಟ್ಟೆಯಿಲ್ಲ. ಅಂಗಿಗಳೆಲ್ಲ ಬೇವಿನ ಗಿಡದ ಕೆಳಗೆ ಗುಡ್ಡೆ ಬಿದ್ದಿದ್ದವು. ಜೊತೆಗೆ ಬಂದಿದ್ದ ಹುಡುಗಿಯರು ಮೊದಲನೆಯ ಹುಲಿಯನ್ನು ಕಂಡ ಕೂಡಲೇ ಮನೆಗೆ ಓಡಿದ್ದರು. ಲಾಲಸಾಬ ಶಾಂತವಾಗಿ ಕುಂಚ ತೊಳೆಯುತ್ತಿದ್ದ.

"ಲಾಲಸಾಬ! ಪಾತರಗಿತ್ತಿ ಎಲ್ಲಿ? ಮೊಲ ಎಲ್ಲಿ?"

"ಗಂಡುಡುಗುರು ಪಾತರಗಿತ್ತಿ ಒಲ್ಲೆಂದ್ವು ಅಣ್ಣಾ. ಎಲ್ಲಾವೂ ಹುಲಿನೇ ಬೇಕಂದ್ವು."

"ಮಾರಿಗಟೇ ಬರಿ ಅಂದಿದ್ನಲ್ಲೋ! ಮೈಗೆಲ್ಲಾ ಯಾಕ? ತಲಿ ಕೂದಲಕ್ಕೂ ಹಚ್ಚೀದಿ!"

ಲಾಲಸಾಬನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹುಲಿಗಿ ಮಾರಿ ಒಂದೇ ಇರ್ತದೇನ್ರಿ ಅಣ್ಣಾ? ಮಾರಿ ಹುಲಿದು, ಮೈ ಮನಶ್ಯಾಂದು ಅಂದ್ರ ನೋಡಾವ್ರು ನಗ್ತಾರ. ಮೈದು ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗ್ತದ. ತಲಿದು ಮಾತ್ರ ಗಟ್ಟಿ ಕುಂದರ್ತದ, ಯಾಕಂದ್ರ ವಾರ್ನಿಶ್ ಜಾಸ್ತಿ ಹಾಕೇನಿ." ಕುಂಚಗಳನ್ನು ಚೀಲಕ್ಕೆ ಹಾಕಿ ಎದ್ದು ನಿಂತ. "ನಾ ಆಳಂದಕ್ಕ ಹೊಂಟೇನ್ರಿ, ಉರುಸಿನಾಗ ಅಂಗಡಿ ಬೋರ್ಡ್ ಬರಿಯೋದದ. ಬಸ್ ಹೋಗ್ತದ."

ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು ಹುಡುಗರಿಗೆ ಬೆರಳು ತೋರಿಸಿದ: "ನೆಪ್ಪಿಡ್ರಿ ಮಕ್ಕಳೇ. ಹುಲಿ ಮಾತಾಡಂಗಿಲ್ಲ. ಮಾತಾಡಿದ್ರ ತುಟಿ ಮ್ಯಾಗಿನ ಬಣ್ಣ ಸೀಳ್ತದ. ಮಾರಿ ತೊಳಿಯೂತನಾ ಬರೇ ಘುರ್ರ್ ಅನಬೇಕು."

"ಘುರ್ರ್!" ಎಂದವು ಹುಲಿಗಳೆಲ್ಲ ಒಂದೇ ಸ್ವರದಲ್ಲಿ.

ಮುಂದಿನದನ್ನು ಹುಟ್ಟುಹಬ್ಬ ಎನ್ನಲಿಕ್ಕೆ ಬರುವುದಿಲ್ಲ. ಹುಲಿಗಳು ಪೇಢೆಯನ್ನು ಬಾಯಿಂದಲೇ ಕಚ್ಚಿ ತಿಂದವು. ಗುರುಬಾಯಿಯ ಆಡು ಹಗ್ಗ ಹರಿದುಕೊಂಡು ಓಡಿತು. ಹಾಲು ತಂದ ಮುದುಕ ಬಾಗಿಲಲ್ಲೇ ಚರಿಗೆ ಬಿಟ್ಟು ಶಿವಶಿವಾ ಎಂದು ಬೀದಿಗೆ ಬಿದ್ದ. ಆಮೇಲೆ ಹುಲಿಗಳು ಓಣಿಗೆ ಇಳಿದು ಕಟ್ಟೆಯಿಂದ ಕಟ್ಟೆಗೆ ಹಾರತೊಡಗಿದವು. ಸಂಜೆ ತಾಯಂದಿರು ಬಂದರು. ಮೊದಲು ಎದೆಗೆ ಕೈ ಇಟ್ಟುಕೊಂಡರು, ಆಮೇಲೆ ಕಲ್ಯಾಣಪ್ಪನನ್ನು ಬೈದರು, ಕೊನೆಗೆ ಕೈಗೆ ಸಿಕ್ಕ ಹುಲಿಯ ಕಿವಿ ಹಿಂಡಿ ಎಳೆದುಕೊಂಡು ಹೋದರು. ಕಾಯಿಪಲ್ಲೆ ಮಾರುವ ಮಾಳಮ್ಮನೂ ಬಂದು, ಮೊಮ್ಮಗ ಬೀರಣ್ಣನ ಹೆಸರು ಕೂಗಿ, ಬುಟ್ಟಿಯ ಜೊತೆಗೆ ಒಂದು ಹುಲಿಯನ್ನೂ ಕರೆದುಕೊಂಡು ಹೋದಳು.

ಕೊನೆಗೆ ಎರಡು ಹುಲಿ ಉಳಿದವು. ಒಂದು ಅಡುಗೆಮನೆಯಲ್ಲಿ ಪೇಢೆಯ ಡಬ್ಬಿಗೆ ಕೈ ಹಾಕಿತ್ತು. "ನನ್ ಡಬ್ಬಿಗಿ ಕೈ ಹಾಕೂ ಧೈರ್ಯ ಮತ್ಯಾರಿಗದ, ಇದು ನಮ್ಮ ರೇವಣ್ಯಾನೇ" ಎಂದು ಶಿವಕಾಂತಾ ಅದನ್ನು ಬಚ್ಚಲಿಗೆ ಎಳೆದಳು. ಇನ್ನೊಂದು ಕಟ್ಟೆಯ ಮೇಲೆ ತೂಕಡಿಸುತ್ತಿತ್ತು.

ಕಲ್ಯಾಣಪ್ಪ ಬಗ್ಗಿ ವಿನಯದಿಂದ ಕೇಳಿದ: "ಪಿಂಟೂ ಅಪ್ಪಾರ, ಮನಿಗಿ ಹೋಗೂಣೇನ್ರಿ?"

"ಘುರ್ರ್" ಎಂದಿತು ಹುಲಿ.

ಸೈಕಲ್ಲಿನ ಮುಂದಿನ ದಾಂಡಿಗೆ ಟವೆಲ್ಲು ಸುತ್ತಿ ಹುಲಿಯನ್ನು ಕೂರಿಸಿಕೊಂಡು ಅವನು ಸಾಹೇಬರ ಮನೆಗೆ ಹೊರಟ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಪಾಠ ಮಾಡಿಕೊಂಡ. ಬಾಗಿಲು ತೆರೆದ ಸಾಹೇಬರ ಹೆಂಡತಿ ಶಾರದಾಬಾಯಿ "ಯವ್ವಾ!" ಎಂದು ಕೂಗಿ ಬಾಗಿಲು ಮುಚ್ಚಿದಳು. ದೌಲತರಾಯರು ಕೋಲು ಹಿಡಿದು ಹೊರಗೆ ಬಂದರು. ಕಲ್ಯಾಣಪ್ಪ ಎಲ್ಲ ವಿವರಿಸಿದ ಮೇಲೆ ಸಾಹೇಬರ ದಪ್ಪ ಮೀಸೆಯ ತುದಿಯಲ್ಲಿ ಸಣ್ಣ ನಗೆ ಕೂಡ ಕಂಡಿತು. "ಹುಡುಗುರು ಅಂದಮ್ಯಾಲ ಇರೂದೇ" ಎಂದರು. ಕಲ್ಯಾಣಪ್ಪ ಮನಸ್ಸಿನಲ್ಲೇ ಕೈಮುಗಿದ.

ಶಾರದಾಬಾಯಿ ಕೊಬ್ಬರಿ ಎಣ್ಣೆ ಸುರಿದು ಸೆರಗಿನಿಂದ ಹುಲಿಯ ಮುಖ ಒರೆಸಿದಳು. ಹಳದಿ ಹೋಯಿತು, ಕಪ್ಪು ಹೋಯಿತು. ಕೆಳಗಿನಿಂದ ಒಂದು ಮುಖ ಬಂತು.

ಅದು ಪಿಂಟೂನ ಮುಖ ಆಗಿರಲಿಲ್ಲ.

"ಯಾರಲೇ ನೀ?" ಎಂದರು ಸಾಹೇಬರು.

"ಬೀರ್ಯಾರಿ. ಮಾಳಮ್ಮಾಯಿ ಮೊಮ್ಮಗ." ಮುಖ ತೊಳೆದಾಗಿತ್ತಲ್ಲ, ಹುಡುಗ ಈಗ ಧಾರಾಳವಾಗಿ ಮಾತಾಡಿದ. "ಸೈಕಲ್ ಮ್ಯಾಲ ಇನ್ನೊಂದ್ ಚಕ್ಕರ್ ಹೊಡಸ್ತೀರೇನ್ರಿ ಮಾವ?"

"ನನ್ ಮಗಾ ಎಲ್ಲಿ?" ಎಂಬ ಶಾರದಾಬಾಯಿಯ ಕೂಗಿಗೆ ಎದುರು ಮನೆಯ ಕಿಟಕಿಗಳು ತೆರೆದವು. ಕಲ್ಯಾಣಪ್ಪನೇ ಈಗ ಘುರ್ರ್ ಎನ್ನುವುದೊಂದು ಬಾಕಿ.

"ಮಾಳಮ್ಮನ ಮನ್ಯಾಗ ಇರ್ಬೇಕ್ರಿ ಸಾಹೇಬ್ರ, ಆಕೀನೂ ಒಂದು ಹುಲಿ ಒಯ್ದಾಳ" ಎಂದು ಹೇಗೋ ತೊದಲಿದ. ಎಲ್ಲರೂ ಓಡಿದರು. ಸೈಕಲ್ಲಿನ ಮುಂದೆ ಬೀರಣ್ಣ, ಹಿಂದೆ ಸಾಹೇಬರು. ಹಿಂದಿನಿಂದ ಸೆರಗು ಸಿಕ್ಕಿಸಿಕೊಂಡು ಶಾರದಾಬಾಯಿ.

ಮಾಳಮ್ಮನ ಅಂಗಳದಲ್ಲಿ ಹುಲಿಯೊಂದು ಕುಕ್ಕರಗಾಲಿನಲ್ಲಿ ಕುಳಿತು ಈರುಳ್ಳಿ ಆರಿಸುತ್ತಿತ್ತು. ಪಕ್ಕದಲ್ಲಿ ಮಾಳಮ್ಮ, "ಲಗು ಲಗು ಆರಸು, ಇಲ್ಲಂದ್ರ ರೊಟ್ಟಿ ಇಲ್ಲ" ಎಂದು ಗದರುತ್ತಿದ್ದಳು. ಸಾಹೇಬರ ಮಗನ ಕೈಯಲ್ಲಿ ಈರುಳ್ಳಿ! ಕಲ್ಯಾಣಪ್ಪ ಹಾರಿ ಹೋಗಿ ಹುಲಿಯನ್ನು ಎತ್ತಿಕೊಂಡ. ಶಾರದಾಬಾಯಿ ಅಳುತ್ತಲೇ ಮುಖ ಒರೆಸಿದಳು.

"ಅಪ್ಪಾ" ಎಂದಿತು ಹುಲಿ. "ಆಯಿ ನನ್ನ ಎರಡ್ ಸಲ ಬಡದ್ಲು."

ರೇವಣ್ಯಾ! ತನ್ನ ಮಗ ಸಿಕ್ಕಿದ್ದಕ್ಕೆ ಇಷ್ಟು ದುಃಖಪಟ್ಟ ತಂದೆ ಆ ತಾಲೂಕಿನಲ್ಲಿ ಹಿಂದೆಂದೂ ಇರಲಿಲ್ಲ. "ನೀ ಯಾಕಲೇ ಇಲ್ಲಿ ಬಂದಿ? ನಾ ಬೀರ್ಯಾ ಅಲ್ಲ ಅಂತ ಹೇಳಾಕ ಬರ್ತಿರಲಿಲ್ಲೇನು?"

"ಹುಲಿ ಮಾತಾಡಂಗಿಲ್ಲಲಪಾ" ಎಂದ ರೇವಣ್ಯಾ.

ಮಾಳಮ್ಮ ಒಮ್ಮೆ ಆ ಹುಡುಗನನ್ನು, ಒಮ್ಮೆ ಸೈಕಲ್ಲಿನ ಮೇಲಿದ್ದ ಬೀರಣ್ಣನನ್ನು ನೋಡಿ ಬಾಯಿಗೆ ಸೆರಗು ಹಿಡಿದುಕೊಂಡಳು. ದೌಲತರಾಯರು ಮಾತ್ರ ಬೆರಳು ಎಣಿಸಿ ಹೇಳಿದರು: "ಹಂಗಾರ ಪಿಂಟೂ ನಿಮ್ಮ ಮನ್ಯಾಗ ಅದಾನ."

ಹೌದಲ್ಲ! ಬಚ್ಚಲಿಗೆ ಹೋದ ಹುಲಿ! ಕಲ್ಯಾಣಪ್ಪನಿಗೆ ಜೀವ ಬಂತು. ಮಗು ಮನೆಯಲ್ಲೇ, ಹೆಂಡತಿಯ ಕೈಯಲ್ಲೇ, ಪೇಢೆ ತಿನ್ನುತ್ತ ಸುಖವಾಗಿದೆ. ಸಾಹೇಬರು ಸಿಟ್ಟಾದಾರು, ನಾಲ್ಕು ಮಾತು ಅಂದಾರು. ಮಗನ ಮುಖ ಕಂಡ ಮೇಲೆ ಎಲ್ಲ ತಣ್ಣಗಾಗುತ್ತದೆ ಎಂದುಕೊಂಡು ಎಲ್ಲರಿಗಿಂತ ಮುಂದೆ ಓಡಿ ಬಾಗಿಲು ತೆರೆದ.

ಅಂಗಳದಲ್ಲಿ ಕ್ಷೌರದ ನಾಗಣ್ಣ ಕತ್ತಿ ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಗೋಡೆಯ ಮೇಲೆ ಗುರುಬಾಯಿಯ ತಲೆಯಿತ್ತು. ನಡುವೆ ಮಣೆಯ ಮೇಲೆ ಹುಲಿ ಕುಳಿತಿತ್ತು. ಹಣೆಯಿಂದ ಕೆಳಗೆ ಹುಲಿ. ಹಣೆಯಿಂದ ಮೇಲೆ, ತೆಂಗಿನಕಾಯಿ ಸುಲಿದಿಟ್ಟಂತೆ, ನುಣ್ಣನೆಯ ಬೋಳು.

"ಎಷ್ಟು ತಿಕ್ಕಿದ್ರೂ ತಲೀದು ಹೋಗಲಿಲ್ರಿ," ಎಂದು ಶಿವಕಾಂತಾ ಹೆಮ್ಮೆಯಿಂದ ಹೇಳಿದಳು. "ಗುರುಬಾಯಿ ಅಕ್ಕಾರು ಬೋಳಿಸಿಬಿಡು ಅಂದ್ರು. ನಮ್ಮ ರೇವಣ್ಯಾ ಕತ್ತಿ ಕಂಡ್ರ ಓಡಾವ, ಇವತ್ತ ಪಿಟ್ಟೆನ್ನಲಿಲ್ಲ ನೋಡ್ರಿ! ಇನ್ ಮಾರಿ ಮೈ ತೊಳಿಯೂದೊಂದ ಉಳದದ." ಅಷ್ಟರಲ್ಲಿ ಗಂಡನ ಹಿಂದೆ ನಿಂತ, ಅರ್ಧ ತೊಳೆದ ರೇವಣ್ಯಾ ಅವಳ ಕಣ್ಣಿಗೆ ಬಿದ್ದ. ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಜಾರಿ ಕೆಳಗೆ ಬಿತ್ತು.

ಶಾರದಾಬಾಯಿ ಮುಂದೆ ಬಂದು ಹುಲಿಯ ಎಡಗೆನ್ನೆ ಒರೆಸಿದಳು. ಪಿಂಟೂನ ಎಡಗೆನ್ನೆ ಹೊರಗೆ ಬಂತು. ಅವಳಿಗೆ ಬಲಗೆನ್ನೆಗೆ ಕೈ ಏಳಲಿಲ್ಲ. ನಾಗಣ್ಣ ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಮಾಯವಾದ. ಗೋಡೆಯ ಮೇಲಿನ ತಲೆ ಮುಳುಗಿತು.

ಆಗ ಪಿಂಟೂ ನಾಗಣ್ಣ ಬಿಟ್ಟುಹೋದ ಕನ್ನಡಿ ತೆಗೆದು ನೋಡಿಕೊಂಡ. ನೋಡಿದವನೇ ಓಣಿ ಕಿತ್ತು ಹೋಗುವ ಹಾಗೆ ಅಳತೊಡಗಿದ. ಅವನ ದುಃಖ ಕೂದಲಿನದಲ್ಲ.

"ನನ್ ಹುಲಿ ಅಳಿಸಿದ್ರೂ! ನಾ ಸಾಲಿಗಿ ಹೋಗಂಗಿಲ್ಲ! ಹುಲಿ ಆದ್ರಟೇ ಹೋಗ್ತೇನಿ!"

ದೌಲತರಾಯರು ಕಟ್ಟೆಯ ಮೇಲೆ ಕುಳಿತು ಮಗನ ಬೋಳುತಲೆಯ ಮೇಲೆ ಕೈಯಾಡಿಸಿದರು. ಆಮೇಲೆ, "ಕಲ್ಯಾಣಪ್ಪ" ಎಂದರು.

"ಸಾಹೇಬ್ರ."

"ಆ ಬಣ್ಣದಾವ ಎಲ್ಲಿದ್ದಾನ?"

"ಆಳಂದಕ್ಕ ಹೋದ್ರಿ. ಉರುಸ ಮುಗಿಯೂತನಾ ಬರಂಗಿಲ್ರಿ."

"ಹಂಗಾರ ನೀವೇ ಬರೀರಿ."

ಕಲ್ಯಾಣಪ್ಪನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ನಾನ್ರಿ?"

"ಬೋಳಿಸಿದವ್ರು ನೀವಲ್ಲೇನು? ಅವನ ತಲಿ ತುಂಬ ಕೂದಲಾ ಬರೂತನಾ ದಿನಾ ಮುಂಜಾನೆ ನಮ್ಮ ಮನಿಗಿ ಬಂದು ಹುಲಿ ಬರದು, ಸಾಲಿಗಿ ಬಿಟ್ಟು, ಆಮ್ಯಾಲ ಕಚೇರಿಗಿ ಬರ್ರಿ."

"ಮತ್ತ ಜೇವರ್ಗಿದು, ಸಾಹೇಬ್ರ..."

"ಅದು ಇನ್ ಆಗಂಗಿಲ್ಲ. ನೀವು ಜೇವರ್ಗಿಗಿ ಹೋದ್ರ ಇವನ ಮಾರಿ ಯಾರು ಬರೀಬೇಕು?"

ಪಿಂಟೂನ ಅಳು ನಿಲ್ಲಲಿಲ್ಲ. ಆ ಕ್ಷಣದಿಂದಲೇ ಕೆಲಸಕ್ಕೆ ಸೇರಬೇಕಾಯಿತು. ಶಿವಕಾಂತಾ ಅರಿಶಿನ ಕಲಸಿಕೊಟ್ಟಳು, ಕಾಡಿಗೆಯ ಡಬ್ಬಿ ತಂದಳು. ಹುಟ್ಟಿದಾಗಿನಿಂದ ಕಚೇರಿಯ ಕಾಗದ ಬಿಟ್ಟು ಇನ್ನೇನನ್ನೂ ಬರೆಯದ ಕಲ್ಯಾಣಪ್ಪ ಮಂಡಿಯೂರಿ ಕುಳಿತು, ಬೆರಳಿನಿಂದ ಪಿಂಟೂನ ಎಡಗೆನ್ನೆಯ ಮೇಲೆ ಹುಲಿ ಬರೆದ. ಪಿಂಟೂ ಅಳು ನಿಲ್ಲಿಸಿ ಕನ್ನಡಿ ನೋಡಿದ.

"ಇದು ಹುಲಿ ಅಲ್ಲ, ಹೆಗ್ಗಣ!" ಎಂದವನೇ ಕಲ್ಯಾಣಪ್ಪನ ಬರೆಯುವ ಬೆರಳನ್ನು ಕಚ್ಚಿದ. ಕಚ್ಚಿದ ಹಲ್ಲು ಬಿಡಿಸಲಿಕ್ಕೆ ಸಾಹೇಬರೇ ಏಳಬೇಕಾಯಿತು.

ಬೆರಳನ್ನು ಬಾಯಲ್ಲಿಟ್ಟುಕೊಂಡು ಕಲ್ಯಾಣಪ್ಪ ಸಾಹೇಬರ ಕಾಲಿಗೆ ಬಿದ್ದ.

"ನಿಮ್ಮ ಪಾದಾ ಹಿಡಕೊಂತೇನ್ರಿ ಸಾಹೇಬ್ರ, ನನ್ನ ಜೇವರ್ಗಿಗೇ ಹಾಕ್ರಿ! ಇವತ್ತೇ ಸಹಿ ಮಾಡ್ರಿ!"

ಆದರೆ ದೌಲತರಾಯರು ಆಗಲೇ ಮಗನನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ್ದರು. ಕಣ್ಣು ಒರೆಸಿಕೊಳ್ಳುತ್ತ ಅವರ ಹಿಂದೆ ಹೊರಟ ಶಾರದಾಬಾಯಿ ಮಾತ್ರ ಬಾಗಿಲಲ್ಲಿ ತಿರುಗಿ ನಿಂತಳು.

"ಮುಂಜಾನೆ ಲಗೂನ ಬರ್ರಿ ಮತ್ತ," ಎಂದಳು, "ನಮ್ಮ ಪಿಂಟೂ ಹೊತ್ತು ಹೊಂಡೂ ಮೊದ್ಲೇ ಏಳ್ತಾನ."